ತಂಬೂರಿಯ ಹಿಂದೆ ಕೂತವರು

ದೇಹೂ ರೋಡನ್ನು ನೋಡಲೆಂದೇ ಬರುವವರು ಕಡಿಮೆ, ದಾಟಿಹೋಗುವವರೇ ಹೆಚ್ಚು. ಪುಣೆಯಿಂದ ಮುಂಬೈಗೆ ಹೋಗುವ ಹಳೆಯ ಹೆದ್ದಾರಿ ಈ ಊರಿನ ನಡುವೆ ಹಾದುಹೋಗುತ್ತದೆ, ಜೊತೆಗೇ ರೈಲು ಹಳಿ. ಲೋಣಾವಳಾ ಲೋಕಲ್ಲು ಆಕುರ್ಡಿ ಬಿಟ್ಟ ಮೇಲೆ ಇಲ್ಲೊಮ್ಮೆ ನಿಂತು ಮುಂದೆ ಹೋಗುತ್ತದೆ. ಡೆಕ್ಕನ್ ಕ್ವೀನ್ ನಿಲ್ಲುವುದಿಲ್ಲ. ಕಾತ್ರಜ್ ಕಡೆಗೆ ಹೊರಳುವ ಬೈಪಾಸ್ ಇಲ್ಲಿಂದಲೇ ಶುರುವಾಗುತ್ತದೆ. ಅದನ್ನು ಹಿಡಿದರೆ ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡ ಒಂದಾದ ಮೇಲೊಂದು ಬರುತ್ತವೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಮುಗಿಯುವ ಕಿವಳೆಯೂ ಇಲ್ಲೇ ಮಗ್ಗುಲಲ್ಲಿ. ಕಂಟೋನ್ಮೆಂಟಿನ ಗೋಡೆಗಳು, ಸೇನೆಯ ಉಗ್ರಾಣಗಳು, ಟ್ರಕ್ಕುಗಳ ಸಾಲು. 1954ರ ಡಿಸೆಂಬರ್ 25ರಂದು ಬಾಬಾಸಾಹೇಬ ಅಂಬೇಡ್ಕರರು ತಮ್ಮ ಕೈಯಾರೆ ಬುದ್ಧನ ಮೂರ್ತಿಯನ್ನು ಸ್ಥಾಪಿಸಿದ ವಿಹಾರವೂ ಇಲ್ಲಿದೆ. ಇಲ್ಲಿಂದ ಕೆಲವೇ ಕಿಲೋಮೀಟರ್ ಒಳಕ್ಕೆ ಹೋದರೆ ಇಂದ್ರಾಯಣಿಯ ದಂಡೆ, ತುಕಾರಾಮರ ದೇಹೂ.

ಈ ರಸ್ತೆಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸವೆಸಿದ ಕನ್ನಡಿಗನೊಬ್ಬನಿದ್ದ. ಪುಣೆಯಲ್ಲಿ ಮನೆ ಮಾಡಿದ ಭೀಮಸೇನ ಜೋಶಿಯವರಿಗೆ ಮುಂಬೈಯ ಕಛೇರಿಗಾಗಲಿ, ಅಲ್ಲಿಂದ ವಿಮಾನ ಹತ್ತಿ ಕೋಲ್ಕತ್ತಕ್ಕೋ ವಿದೇಶಕ್ಕೋ ಹೋಗುವುದಕ್ಕಾಗಲಿ ಇದೇ ದಾರಿ. ಎಕ್ಸ್‌ಪ್ರೆಸ್‌ವೇ ಪೂರ್ತಿ ತೆರೆದದ್ದು 2002ರಲ್ಲಿ. ಅಲ್ಲಿಯವರೆಗೆ ಖಡಕಿ, ಪಿಂಪ್ರಿ, ಚಿಂಚವಾಡ, ನಿಗಡಿ, ದೇಹೂ ರೋಡ್, ತಳೇಗಾಂವ್, ಆಮೇಲೆ ಬೋರ್‌ಘಾಟ್. ಸ್ಟಿಯರಿಂಗ್ ಹಿಡಿದವರು ಬಹಳ ಸಲ ಅವರೇ. ಒಳಗೆ ತಂಬೂರಿಗಳು, ಹಾರ್ಮೋನಿಯಂ, ತಬಲಾ, ಶಿಷ್ಯರು, ಸಾಥಿದಾರರು. ರಾತ್ರಿ ಹಾಡಿ ಬೆಳಗಿನ ಜಾವ ಮರಳುವ ಆ ಪ್ರಯಾಣಗಳಲ್ಲಿ ನಡೆದ ಮಾತು, ಮೌನ, ಜಗಳ, ಚಹಾ, ರಾಗದ ಚರ್ಚೆ ಯಾವುದಕ್ಕೂ ಕ್ಯಾಮೆರಾದ ಸಾಕ್ಷಿ ಇಲ್ಲ.

ಆ ಸಾಕ್ಷಿ ಇರಬೇಕಾಗಿತ್ತು ಎಂಬುದೇ ಈ ಬರಹದ ಹಳಹಳಿ. ಇನ್ನೂ ಸಮಯ ಮೀರಿಲ್ಲ ಎಂಬುದು ಇದರ ಆಸೆ.

ಪ್ರಪಂಚದ ಬೇರೆಡೆ ಈ ಸಾಕ್ಷಿಯನ್ನು ಹಿಡಿಯುವುದೇ ಒಂದು ಸಿನಿಮಾ ಪ್ರಕಾರವಾಗಿ ಬೆಳೆದಿದೆ. 1965ರ ವಸಂತದಲ್ಲಿ ಬಾಬ್ ಡಿಲನ್ ಇಂಗ್ಲೆಂಡಿನಲ್ಲಿ ಊರೂರು ಸುತ್ತಿ ಹಾಡಿದಾಗ ಡಿ. ಎ. ಪೆನ್ನಿಬೇಕರ್ ಎಂಬ ನಿರ್ದೇಶಕ ಹೆಗಲ ಮೇಲೊಂದು 16 ಎಂಎಂ ಕ್ಯಾಮೆರಾ ಹೊತ್ತು ಬೆನ್ನು ಬಿದ್ದ. ಮಾತು ಮತ್ತು ಚಿತ್ರವನ್ನು ಒಟ್ಟಿಗೇ ಹಿಡಿಯಬಲ್ಲ ಹಗುರ ಕ್ಯಾಮೆರಾಗಳು ಆಗಷ್ಟೇ ಬಂದಿದ್ದವು. ಅವುಗಳನ್ನು ರೂಪಿಸಿದವರಲ್ಲಿ ಪೆನ್ನಿಬೇಕರ್ ಕೂಡ ಒಬ್ಬ. ಹೋಟೆಲ್ ಕೋಣೆ, ಕಾರಿನ ಹಿಂದಿನ ಸೀಟು, ವೇದಿಕೆಯ ಪಕ್ಕದ ಕತ್ತಲು ಎಲ್ಲ ಕಡೆಗೂ ಕ್ಯಾಮೆರಾ ನುಗ್ಗಿತು. ಡಿಲನ್ ಪತ್ರಕರ್ತರ ಮೇಲೆ ಹರಿಹಾಯುವುದು, ಟೈಪ್‌ರೈಟರ್ ಮುಂದೆ ತನ್ನ ಪಾಡಿಗೆ ಮುಳುಗುವುದು, ಜೋನ್ ಬಾಯೆಜ್ ಅದೇ ಕೋಣೆಯಲ್ಲಿ ಹಾಡುವುದು ಎಲ್ಲವೂ ಇದ್ದ ಆ ಚಿತ್ರ 1967ರಲ್ಲಿ ‘ಡೋಂಟ್ ಲುಕ್ ಬ್ಯಾಕ್’ ಎಂದು ತೆರೆಗೆ ಬಂತು. ತಾರೆಯೊಬ್ಬರ ತಿರುಗಾಟವನ್ನು ತೆರೆಮರೆಯಿಂದ ತೋರಿಸುವ ಇಂದಿನ ಚಿತ್ರಗಳೆಲ್ಲ ಅದರ ಋಣದಲ್ಲಿವೆ.

ಮುಂದೆ 1990ರಲ್ಲಿ ಮಡೋನಾ ಕೈಗೊಂಡ ಜಾಗತಿಕ ಪ್ರವಾಸವನ್ನು ಅಲೆಕ್ ಕೆಶಿಷಿಯಾನ್ ಚಿತ್ರಿಸಿದ. ವೇದಿಕೆಯ ಭಾಗ ಬಣ್ಣದಲ್ಲಿ, ತೆರೆಮರೆ ಕಪ್ಪು–ಬಿಳುಪಿನಲ್ಲಿ. ಈಚೆಗೆ ಟೇಲರ್ ಸ್ವಿಫ್ಟ್ 2023ರ ಮಾರ್ಚಿನಿಂದ 2024ರ ಡಿಸೆಂಬರ್‌ವರೆಗೆ 149 ಪ್ರದರ್ಶನಗಳನ್ನು ಕೊಟ್ಟ ‘ಎರಾಸ್ ಟೂರ್’ ಮೊದಲು ಚಿತ್ರಮಂದಿರಕ್ಕೆ ಬಂತು, ಬಳಿಕ ಅದರ ತೆರೆಮರೆ ಕಂತುಗಳ ಸಾಕ್ಷ್ಯಚಿತ್ರವಾಗಿ ಮನೆಮನೆಯ ಪರದೆಗೆ ಬಂತು. ನಮ್ಮ ಪಂಜಾಬಿ ಹಾಡುಗಾರರ ಮೇಲೂ ಇಂಥ ಚಿತ್ರಗಳು ಓಟಿಟಿಯಲ್ಲಿವೆ. ಬೆಂಗಳೂರು, ಮಂಗಳೂರು, ಕಲಬುರಗಿಯ ಹುಡುಗ ಹುಡುಗಿಯರು ರಾತ್ರಿ ಕೂತು ಇವನ್ನು ನೋಡುತ್ತಾರೆ. ನೋಡಲಿ, ಕಲಾವಿದರ ದಣಿವನ್ನು ಕಣ್ಣಾರೆ ಕಂಡವರು ಹಾಡನ್ನು ಇನ್ನಷ್ಟು ಗೌರವದಿಂದ ಕೇಳುತ್ತಾರೆ ಎಂದು ನಾನು ನಂಬಿದ್ದೇನೆ.

ಆದರೆ ಈ ಚಿತ್ರಗಳಲ್ಲಿ ಒಂದು ಕೊರತೆ ಮೊದಲಿನಿಂದಲೂ ಇದೆ. ತೆರೆಮರೆಗೆ ಹೋದ ಮೇಲೂ ಕ್ಯಾಮೆರಾ ಕಾಣುವುದು ತಾರೆಯನ್ನೇ. ಮಡೋನಾ ಚಿತ್ರದಲ್ಲಿ ಕುಣಿದ ಯುವಕರ ಖಾಸಗಿ ಬದುಕೂ ಪರದೆಗೆ ಬಂತು. ಅವರಲ್ಲಿ ಮೂವರು ಅದರ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆ ಮೂವರಲ್ಲೊಬ್ಬ 1995ರಲ್ಲಿ ಏಡ್ಸ್‌ನಿಂದ ತೀರಿಕೊಂಡ. ಉಳಿದ ನರ್ತಕರು ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳಲು 2016ರವರೆಗೆ ಕಾಯಬೇಕಾಯಿತು. ‘ಸ್ಟ್ರೈಕ್ ಎ ಪೋಸ್’ ಎಂಬ ಆ ಚಿತ್ರ ನೋಡಿದ ಮೇಲೆ ಹಿಂದಿನ ಚಿತ್ರವನ್ನು ಹಿಂದಿನಂತೆ ನೋಡಲು ನನ್ನಿಂದಾಗಲಿಲ್ಲ. ಮಾರ್ಗನ್ ನೆವಿಲ್ ನಿರ್ದೇಶಿಸಿದ ‘ಟ್ವೆಂಟಿ ಫೀಟ್ ಫ್ರಮ್ ಸ್ಟಾರ್‌ಡಮ್’ 2013ರದ್ದು. ದೊಡ್ಡ ಗಾಯಕರ ಬೆನ್ನಿಗೆ ನಿಂತು ಜೀವಮಾನವಿಡೀ ಹಿಮ್ಮೇಳ ಹಾಡಿದ ಹೆಂಗಸರನ್ನು ಅದು ಮುಂದಕ್ಕೆ ಕರೆತಂದಿತು, ಆಸ್ಕರ್ ಪಡೆಯಿತು. ತಾರೆಯ ದೀಪದಿಂದ ಇಪ್ಪತ್ತು ಅಡಿ ಹಿಂದೆ ನಿಂತವರಿಗೂ ಒಂದು ಆಯುಷ್ಯವಿದೆ ಎಂಬುದು ಆ ಚಿತ್ರದಿಂದ ಎಷ್ಟೋ ಜನರಿಗೆ ತಿಳಿಯಿತು.

ಈಗ ನಮ್ಮ ಭೀಮಣ್ಣನ ಮಾತಿಗೆ ಬರೋಣ.

ಅವರನ್ನು ಶಾಸ್ತ್ರೀಯ ಗಾಯಕರ ಪಟ್ಟಿಗೆ ಮಾತ್ರ ಸೇರಿಸಿ ಸುಮ್ಮನಾದರೆ ಅವರ ಜನಪ್ರಿಯತೆಯ ಅಳತೆ ಸಿಗುವುದಿಲ್ಲ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ‘ಮಿಲೇ ಸುರ್ ಮೇರಾ ತುಮ್ಹಾರಾ’ ಮೊದಲ ಸಲ ಬಂದಾಗ ಅದು ತೆರೆದುಕೊಂಡದ್ದು ಅವರ ಕಂಠದಿಂದ. 1956ರ ‘ಬಸಂತ್ ಬಹಾರ್’ನಲ್ಲಿ ಮನ್ನಾ ಡೇ ಎದುರು ಹಾಡಿ ಕಥೆಯ ಪ್ರಕಾರ ಸೋತ ದನಿಯೂ ಅವರದೇ. ಡಾ. ರಾಜ್‌ಕುಮಾರ್ ನಟಿಸಿದ ‘ಸಂಧ್ಯಾರಾಗ’ದಲ್ಲಿ ಕನ್ನಡಿಗರು ಅವರನ್ನು ಸಿನಿಮಾ ಮಂದಿರದಲ್ಲೇ ಕೇಳಿದರು. ‘ಅನ್‌ಕಹೀ’ ಚಿತ್ರದ ಹಾಡುಗಾರಿಕೆಗೆ ರಾಷ್ಟ್ರಪ್ರಶಸ್ತಿ ಬಂತು. ಶುಕ್ರವಾರದ ಸಂಜೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಕ್ಯಾಸೆಟ್ಟಿನಿಂದ ಕೇಳುತ್ತಿದ್ದದ್ದು ಪುರಂದರದಾಸರ ಲಕ್ಷ್ಮಿಯ ಪದವನ್ನು ಹಾಡುವ ಅವರ ದನಿ. ಮಹಾರಾಷ್ಟ್ರದಲ್ಲಿ ಆಷಾಢ ಬಂತೆಂದರೆ ಅವರ ಅಭಂಗಗಳು. ಎರಡು ರಾಜ್ಯಗಳ ಗುಡಿ, ಮನೆ, ಚಹಾದಂಗಡಿಗಳಲ್ಲಿ ಹೀಗೆ ನೆಲೆಸಿದ ಗಾಯಕನನ್ನು ತಾರೆ ಎನ್ನದೆ ಏನೆನ್ನಬೇಕು?

ಅವರ ತಿರುಗಾಟ ಶುರುವಾದದ್ದು ಹೆಸರು ಬಂದ ಮೇಲೆ ಅಲ್ಲ. 1922ರ ಫೆಬ್ರುವರಿ 4ರಂದು ಹುಟ್ಟಿದ ರೋಣದ ಈ ಹುಡುಗ ಚಿಕ್ಕಂದಿನಲ್ಲೇ ಭಜನೆ ಮೇಳವೋ ಬ್ಯಾಂಡ್ ಮೆರವಣಿಗೆಯೋ ಕಂಡರೆ ಬೆನ್ನು ಹತ್ತಿ ಹೋಗಿ, ದಣಿದಲ್ಲೇ ಮಲಗಿಬಿಡುತ್ತಿದ್ದ. ಹುಡುಕಿ ಸೋತ ತಂದೆ ಗುರುರಾಜ ಜೋಶಿಯವರು ಅಂಗಿಯ ಮೇಲೆ ಜೋಶಿ ಮಾಸ್ತರರ ಮಗ ಎಂದು ಬರೆಸಿದ ಕಥೆ ಗದಗ ಸೀಮೆಯಲ್ಲಿ ಇಂದಿಗೂ ಹೇಳುತ್ತಾರೆ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಅದಕ್ಕೆ ಕಿಡಿ ಹೊತ್ತಿಸಿದ್ದು ಗದಗಿನ ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನ್‌ರ ಠುಮ್ರಿಯ ತಟ್ಟೆ. ಟಿಕೆಟ್ಟಿಲ್ಲದ ರೈಲು ಪ್ರಯಾಣ. ಹಿಡಿದವರ ಮುಂದೆ ಹಾಡಿ ಮುಂದಿನ ನಿಲ್ದಾಣದವರೆಗೆ ಮಾಫಿ. ಸಹಪ್ರಯಾಣಿಕರು ಕೊಟ್ಟ ಪುಡಿಗಾಸು. ಪುಣೆ, ಗ್ವಾಲಿಯರ್, ಕೋಲ್ಕತ್ತ, ದಿಲ್ಲಿ, ರಾಂಪುರ, ಕೊನೆಗೆ ಜಲಂಧರ್. ಅಲ್ಲಿ ವಿನಾಯಕರಾವ್ ಪಟವರ್ಧನರು ಹೇಳಿದರು: ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ, ಇಷ್ಟು ದೂರ ಯಾಕೆ ಬಂದೆ? ಹುಡುಗ ಕುಂದಗೋಳಕ್ಕೆ ಮರಳಿದ. ಗದಗದಿಂದ ಕುಂದಗೋಳ ಎಷ್ಟು ಹತ್ತಿರವೆಂದು ಬಲ್ಲವರಿಗೆ ಆ ಸುತ್ತುದಾರಿಯ ಉದ್ದ ತಿಳಿದೀತು. ಉತ್ತರ ಭಾರತದ ರೈಲುಗಳಲ್ಲಿ, ಅಪರಿಚಿತರ ಮನೆಗಳಲ್ಲಿ ಕಿವಿಗೆ ಬಿದ್ದದ್ದೆಲ್ಲ ಮುಂದೆ ಅವರ ಗಾಯನಕ್ಕೆ ಇಳಿಯಿತು. ಒಂದೇ ಘರಾಣೆಯ ಗೋಡೆಯೊಳಗೆ ಅವರು ನಿಲ್ಲಲಿಲ್ಲ.

ಗುರುವಿನ ಬದುಕೂ ಅಲೆದಾಟದ್ದೇ. ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾದದ್ದು ಮರಾಠಿ ಸಂಗೀತ ನಾಟಕಗಳ ಕಂಪನಿಗಳಲ್ಲಿ. ಸ್ತ್ರೀ ಪಾತ್ರ ಕಟ್ಟಿ ಊರಿಂದೂರಿಗೆ ತಿರುಗಿದವರು ಅವರು. ಪರದೆ, ಪೆಟ್ಟಿಗೆ, ಅಡುಗೆಯವರು, ಆರ್ಗನ್ ಬಾರಿಸುವವರು ಎಲ್ಲ ಸೇರಿದ ಆ ಕಂಪನಿ ಬಿಡಾರಗಳು ಆ ಕಾಲದ ಪ್ರವಾಸಿ ತಾರಾಮಂಡಲಗಳು. ಗದಗದ ಪಂಚಾಕ್ಷರ ಗವಾಯಿಗಳು ಅಂಧ ಶಿಷ್ಯರನ್ನು ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗಿದ್ದೂ, ಅವರ ಆಶ್ರಮದ ನಾಟಕ ಕಂಪನಿ ಊರೂರಲ್ಲಿ ಬೀಡುಬಿಟ್ಟದ್ದೂ ಇದೇ ನೆಲದ ಕಥೆ.

ಇನ್ನೂ ಒಂದು ತಲೆಮಾರು ಹಿಂದೆ ಹೋದರೆ ಒಂದು ರೈಲು ನಿಲ್ದಾಣ ಸಿಗುತ್ತದೆ. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್‌ರು ಉತ್ತರದ ಕೈರಾನಾದವರು. ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಹುಬ್ಬಳ್ಳಿ–ಧಾರವಾಡದಲ್ಲಿ ತಂಗುತ್ತಿದ್ದರು, ಆ ತಂಗುವಿಕೆಯಿಂದಲೇ ಕಿರಾಣಾ ಗಾಯನ ನಮ್ಮ ನೆಲದಲ್ಲಿ ಬೇರು ಬಿಟ್ಟಿತು. 1937ರ ಅಕ್ಟೋಬರ್‌ನಲ್ಲಿ ದಕ್ಷಿಣದ ಕಛೇರಿ ಪ್ರವಾಸದಲ್ಲಿದ್ದರು. ಮದ್ರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೋಗುವಾಗ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಬಿಡಿಸಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿಯಲ್ಲಿ ಪ್ರಾರ್ಥನೆ ಹಾಡುತ್ತ ಕಣ್ಣುಮುಚ್ಚಿದರು ಎಂದು ಕಿರಾಣಾ ಮನೆಗಳಲ್ಲಿ ಹೇಳುತ್ತಾರೆ. ದೇಹವನ್ನು ಮಿರಜ್‌ಗೆ ತಂದು ದರ್ಗಾದ ಅಂಗಳದಲ್ಲಿ ಮಣ್ಣುಮಾಡಿದರು. ಆ ರಾತ್ರಿಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಜೊತೆಗಿದ್ದವರು ಹೇಳಿದ್ದು. ತಂಬೂರಿ ಶ್ರುತಿ ಮಾಡಿದ ಕೈ ಯಾರದು, ಆ ಕೈ ನಡುಗಿತೇ, ನಿಲ್ದಾಣದವರು ಏನೆಂದರು? ಇದನ್ನೆಲ್ಲ ಅವರನ್ನು ಕೂರಿಸಿ ಕೇಳಿ ಬರೆದಿಟ್ಟುಕೊಂಡಿದ್ದರೆ ಎಂದು ನನಗೆ ಪದೇಪದೇ ಅನ್ನಿಸುತ್ತದೆ.

ಭೀಮಸೇನರ ಮೊದಲ ಧ್ವನಿಮುದ್ರಣ ಹೊರಬಂದದ್ದು 1942ರಲ್ಲಿ. ಅದರಲ್ಲಿ ಕನ್ನಡದ ಭಕ್ತಿಗೀತೆಗಳೂ ಇದ್ದವು. 1946ರಲ್ಲಿ ಪುಣೆಯಲ್ಲಿ ಗುರುವಿನ ಅರವತ್ತರ ಸಮಾರಂಭದಲ್ಲಿ ಹಾಡಿದ ಮೇಲೆ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಿಮಾನದಿಂದ ವಿಮಾನಕ್ಕೆ ಹಾರುವ ಈ ಗಾಯಕನಿಗೆ ಪು. ಲ. ದೇಶಪಾಂಡೆ ಹವಾಯಿ ಗಂಧರ್ವ ಎಂದು ಹೆಸರಿಟ್ಟರು. ಆದರೆ ಅವರಿಗೆ ನಿಜವಾದ ಪ್ರೀತಿ ರಸ್ತೆಯ ಮೇಲೆ, ಕಾರಿನ ಮೇಲೆ. ಎಂಜಿನ್ ಕೆಟ್ಟರೆ ತಾವೇ ಬಾನೆಟ್ ಎತ್ತಿ ಕೈ ಹಾಕುತ್ತಿದ್ದರು ಎಂಬುದು ಅವರೊಡನೆ ಓಡಾಡಿದವರ ಮಾತು. ಈಜು, ವ್ಯಾಯಾಮದಲ್ಲಿ ಪಳಗಿದ ಮೈ ಅದು. ರಾತ್ರಿಯಿಡೀ ಕಾರು ಓಡಿಸಿ ಸಂಜೆಗೆ ಬೈಠಕ್‌ನಲ್ಲಿ ಮೂರು ಸಪ್ತಕ ತಿರುಗುವ ಶಕ್ತಿ ಅಂಥ ಮೈಗೇ ಸಾಧ್ಯ. ಕುಡಿತದ ವರ್ಷಗಳೂ ಇದ್ದವು, ಅದರಿಂದ ಕೆಟ್ಟ ಕಛೇರಿಗಳೂ ಇದ್ದವು, ಅದನ್ನು ಗೆದ್ದ ಮೇಲಿನ ದೀರ್ಘ ಕಾಲವೂ ಇತ್ತು. ಸದಾ ದಾರಿಯಲ್ಲಿರುವ ಗಾಯಕನ ಮನೆಯವರು ತೆತ್ತ ಬೆಲೆಯನ್ನು ಮೊದಲ ಹೆಂಡತಿಯ ಮಗ ರಾಘವೇಂದ್ರ ತಮ್ಮ ನೆನಪಿನ ಪುಸ್ತಕದಲ್ಲಿ ನೋವಿನಿಂದ, ಆದರೆ ತಂದೆಯ ಹಾಡಿನ ಮೇಲಿನ ಪ್ರೀತಿ ಬಿಡದೆ ಬರೆದಿದ್ದಾರೆ. ತೆರೆಮರೆಯ ಚಿತ್ರವೆಂದರೆ ಇದೂ ಬರಬೇಕು. ಮನೆಯಲ್ಲಿ ಕಾದವರೂ ಪ್ರವಾಸದ ಭಾಗವೇ.

ಚಿತ್ರ ಬರಲೇ ಇಲ್ಲ ಅಂತಲ್ಲ. ಗುಲ್ಜಾರ್ ಫಿಲ್ಮ್ಸ್ ಡಿವಿಷನ್‌ಗಾಗಿ ಮಾಡಿದ ‘ಪಂಡಿತ್ ಭೀಮಸೇನ ಜೋಶಿ’ ಇದೆ. ಮಲ್ಲಿಕಾರ್ಜುನ ಮನ್ಸೂರರ ಮೇಲೆ ನಂದನ್ ಕುಧ್ಯಾಡಿಯವರು ಮಾಡಿದ ‘ರಸಯಾತ್ರಾ’ಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ಬೆಳಗಾವಿಯ ಸುಳೇಭಾವಿಯಲ್ಲಿ ಹುಟ್ಟಿ ದೇವಾಸಿನಲ್ಲಿ ನೆಲೆಸಿದ ಕುಮಾರ ಗಂಧರ್ವರ ಮೇಲೆ ಜಬ್ಬಾರ್ ಪಟೇಲರ ‘ಹಂಸ ಅಕೇಲಾ’ ಇದೆ. ಅಲೆಮಾರಿ ಹರಿದಾಸರನ್ನು ಹುಡುಕಿ ಗಿರೀಶ ಕಾರ್ನಾಡರು ಮಾಡಿದ ‘ಕನಕ ಪುರಂದರ’ ಇದೆ. ಇವೆಲ್ಲ ಪ್ರೀತಿಯಿಂದ, ತಿಳಿದವರು ಮಾಡಿದ ಚಿತ್ರಗಳು. ಇವಿಲ್ಲದಿದ್ದರೆ ನಾವು ಇನ್ನೂ ಬಡವರಾಗಿರುತ್ತಿದ್ದೆವು. ಆದರೂ ಇವುಗಳ ಮನಸ್ಸು ಇಡೀ ಬದುಕನ್ನು ಹಿಂತಿರುಗಿ ನೋಡುವ ಕಡೆಗಿದೆ. ಒಂದು ಹಂಗಾಮಿನುದ್ದಕ್ಕೂ ಗಾಯಕನ ಕಾರಿನಲ್ಲಿ ಕೂತು, ಹುಬ್ಬಳ್ಳಿಯ ಲಾಡ್ಜಿನಲ್ಲಿ ಮಲಗಿ, ಕೊಲ್ಹಾಪುರದಲ್ಲಿ ಊಟ ತಪ್ಪಿ, ಪುಣೆಯಲ್ಲಿ ಬೆಳಗಿನ ರಾಗಕ್ಕೆ ಕಾದು ಚಿತ್ರಿಸುವುದು ಬೇರೆಯದೇ ಕೆಲಸ.

ಆ ಕೆಲಸ ಆಗದಿರಲು ಕಾರಣಗಳಿವೆ. ಸಿನಿಮಾ ರೀಲು ದುಬಾರಿಯಿದ್ದ ಕಾಲದಲ್ಲಿ, ಏನೂ ನಡೆಯದ ಗಂಟೆಗಳನ್ನು ಚಿತ್ರಿಸಲು ಯಾರ ಬಳಿಯೂ ದುಡ್ಡಿರಲಿಲ್ಲ. ಸರ್ಕಾರಿ ಸಾಕ್ಷ್ಯಚಿತ್ರಕ್ಕೆ ಇಂತಿಷ್ಟೇ ನಿಮಿಷವೆಂಬ ಗಡಿ ಇತ್ತು. ಇನ್ನೊಂದು ಕಾರಣ ನಮ್ಮ ಸಂಕೋಚ. ಗುರು ವಿಶ್ರಮಿಸುವ ಕೋಣೆಗೆ ಶಿಷ್ಯನೇ ಬಾಗಿಲು ತಟ್ಟಿ ಒಳಗೆ ಹೋಗುವಾಗ ಕ್ಯಾಮೆರಾ ಹೇಗೆ ಹೋದೀತು? ಈ ಸಂಕೋಚವನ್ನು ನಾನು ಗೌರವಿಸುತ್ತೇನೆ. ಡಿಲನ್ ಹೋಟೆಲ್ ಕೋಣೆಯಲ್ಲಿ ಕೂಗಾಡಿದ್ದು ಸಿಕ್ಕಂತೆ ನಮ್ಮವರ ಸಿಟ್ಟೂ ಸಿಗಬೇಕೆಂಬ ಹಟ ನನಗಿಲ್ಲ. ಪುಣೆಯ ಛಾಯಾಗ್ರಾಹಕ ಸತೀಶ ಪಾಕಣೀಕರರು ಸವಾಯಿ ಗಂಧರ್ವ ಮಹೋತ್ಸವದಲ್ಲಿ ದಶಕಗಳ ಕಾಲ ತೆಗೆದ ಚಿತ್ರಗಳನ್ನು ನೋಡಿದರೆ, ಮರ್ಯಾದೆ ಮೀರದೆಯೂ ಎಷ್ಟು ಒಳಗೆ ಹೋಗಬಹುದು ಎಂಬುದು ಗೊತ್ತಾಗುತ್ತದೆ.

ಹಿಂದೂಸ್ತಾನಿ ಸಂಗೀತದ ತೆರೆಮರೆಯಲ್ಲಿ ಅತಿ ಮುಖ್ಯವಾದದ್ದು ಜಗಳವಲ್ಲ, ಶ್ರುತಿ. ಕಛೇರಿಗೆ ಗಂಟೆ ಮುಂಚೆ ಗ್ರೀನ್ ರೂಮಿನಲ್ಲಿ ಇಬ್ಬರು ಶಿಷ್ಯರು ಎರಡು ತಂಬೂರಿಗಳನ್ನು ತೊಡೆಗೆ ಆನಿಸಿ ಕೂರುತ್ತಾರೆ. ಮೊದಲ ತಂತಿ ಪಂಚಮಕ್ಕೆ, ರಾಗ ಬೇಡಿದರೆ ಮಧ್ಯಮಕ್ಕೋ ನಿಷಾದಕ್ಕೋ. ನಡುವಿನ ಜೋಡಿ ತಂತಿಗಳು ಷಡ್ಜಕ್ಕೆ, ಕೊನೆಯದು ಖರ್ಜಕ್ಕೆ. ಮೊದಲು ಗೂಟ ತಿರುಗಿಸುವುದು, ಆಮೇಲೆ ಮಣಿ ಸರಿಸುವುದು. ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದಾಗ ಒಂದು ಕಡೆ ದನಿ ತಟ್ಟನೆ ಅರಳುತ್ತದೆ. ಅದು ಜವಾರಿ ಕೂತ ಗಳಿಗೆ. ಸಭಾಂಗಣದ ಎಸಿ ಅದನ್ನು ಹತ್ತೇ ನಿಮಿಷದಲ್ಲಿ ಕೆಡಿಸಬಹುದು. ಸೆಕೆಯ ಮುಂಬೈಯಿಂದ ಒಣಹವೆಯ ಸೊಲ್ಲಾಪುರಕ್ಕೆ ಬಂದರೆ ಮತ್ತೆ ಮೊದಲಿನಿಂದ. ಗಾಯಕ ಏನೂ ಮಾತಾಡದೆ ಕಣ್ಣುಮುಚ್ಚಿ ಕೇಳುತ್ತಿರುತ್ತಾನೆ. ಎಷ್ಟೋ ಸಲ ಆ ದಿನದ ರಾಗ ನಿಶ್ಚಯವಾಗುವುದು ಆ ಹೊತ್ತಿನಲ್ಲಿ.

ಆ ತಂಬೂರಿ ಎಲ್ಲಿಂದ ಬಂತೆಂದು ಕೇಳಿದರೂ ಅದೇ ದಾರಿಯ ಕಥೆ. ಹೆಚ್ಚಿನವು ಮಿರಜ್‌ನವು. ಅಲ್ಲಿಯ ಕುಶಲಕರ್ಮಿ ಮನೆತನಗಳು ತಲೆಮಾರುಗಳಿಂದ ಮಾಡುತ್ತ ಬಂದ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಬುರುಡೆಗೆ ಬೇಕಾದ ಕಹಿ ಸೋರೆ ಬೆಳೆಯುವುದು ಭೀಮಾ ತೀರದ ಪಂಢರಪುರದ ಸುತ್ತಿನ ಹೊಲಗಳಲ್ಲಿ. ಈಗ ಪ್ರವಾಸದಲ್ಲಿ ತಂಬೂರಿಗೆ ಬದಲು ಅಥವಾ ಜೊತೆಗೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಬರುತ್ತದೆ. ಅದನ್ನು 1979ರಲ್ಲಿ ರೂಪಿಸಿದವರು ಬೆಂಗಳೂರಿನ ಕೊಳಲುವಾದಕ, ಎಂಜಿನಿಯರ್ ಜಿ. ರಾಜನಾರಾಯಣ್. ವಿಮಾನದಲ್ಲಿ ಬುರುಡೆ ಒಡೆಯುವ ಭಯ ಹೋಯಿತು. ಜೊತೆಗೆ, ತಂಬೂರಿ ಹಿಡಿದು ಊರೂರು ತಿರುಗಿ ಗುರುವಿನ ಬೆನ್ನಿಗೆ ಕೂತು ಕಲಿಯುವ ಶಿಷ್ಯನ ಜಾಗವೂ ಕಿರಿದಾಯಿತು. ಪೆಟ್ಟಿಗೆ ಬಂದದ್ದು ಒಳ್ಳೆಯದೇ. ಕಿರಿದಾದ ಜಾಗದ ಬಗ್ಗೆ ಯಾರೂ ಮಾತಾಡದಿರುವುದು ಮಾತ್ರ ನನಗೆ ಸಂಕಟ ತರುತ್ತದೆ.

ಆ ಜಾಗದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕೂತವರು ಧಾರವಾಡದ ಮಾಧವ ಗುಡಿ. ಕೀರ್ತನಕಾರರ ಮಗ. ಭೀಮಸೇನರ ಕಾರಿನಲ್ಲಿ, ರೈಲಿನಲ್ಲಿ, ವೇದಿಕೆಯಲ್ಲಿ ಅವರ ಹಿಂದೆ. ತಂಬೂರಿ ನುಡಿಸುತ್ತ, ಗುರು ಉಸಿರು ತೆಗೆದುಕೊಳ್ಳುವಾಗ ಸ್ವರ ಹಿಡಿದು ಕೊಡುತ್ತ ಇದ್ದವರು. ಸ್ವತಃ ದೊಡ್ಡ ಗಾಯಕರು. ಅವರು ಸ್ವತಂತ್ರವಾಗಿ ಹಾಡಿದಾಗ ಸಭೆ ಮೊದಲು ಕೇಳುತ್ತಿದ್ದುದು ಗುರುವಿನ ನೆರಳನ್ನು. ಆ ಭಾರವನ್ನು ಅವರು ಹೇಗೆ ಹೊತ್ತರು ಎಂಬುದು ಯಾವ ಪಾಪ್ ತಾರೆಯ ಪ್ರವಾಸಚಿತ್ರಕ್ಕಿಂತ ಕಡಿಮೆಯ ಕಥೆಯಲ್ಲ. 2011ರ ಜನವರಿ 24ರಂದು ಗುರು ತೀರಿಕೊಂಡರು, ಅದೇ ವರ್ಷದ ಏಪ್ರಿಲ್‌ನಲ್ಲಿ ಶಿಷ್ಯ. ಆ ಪ್ರಯಾಣಗಳನ್ನು ಅಷ್ಟು ಹತ್ತಿರದಿಂದ ಕಂಡ ಒಂದು ಜೋಡಿ ಕಣ್ಣು ಹಾಗೆ ಮುಚ್ಚಿತು.

ತಬಲಾದ ನಾನಾ ಮುಳೆ, ಹಾರ್ಮೋನಿಯಂನ ಪುರುಷೋತ್ತಮ ವಾಲಾವಲಕರ್. ಇವರನ್ನು ಭೀಮಸೇನರ ರೆಕಾರ್ಡ್ ಕೇಳಿದವರೆಲ್ಲ ಕೇಳಿದ್ದಾರೆ, ಗಮನಿಸಿದವರು ಕೆಲವರು. ಭೀಮಸೇನರ ವಿಲಂಬಿತಕ್ಕೆ ಗಂಟೆಗಟ್ಟಲೆ ಠೇಕಾ ಕಾಯುವುದೆಂದರೆ ತನ್ನ ಕೈಚಳಕ ತೋರುವ ಆಸೆಯನ್ನು ಪ್ರತಿ ಆವರ್ತನದಲ್ಲೂ ಅದುಮಿಡುವುದು. ಅಂಥ ಸಂಯಮದಿಂದ ಬದುಕು ಕಳೆದವರ ಸಂಭಾವನೆ ಎಷ್ಟಿತ್ತು, ಊರಲ್ಲಿ ಉಳಿದ ಮಕ್ಕಳ ಶಾಲೆ ಯಾರು ನೋಡಿಕೊಂಡರು? ತಂಬೂರಿಯವರ ಹೆಸರಂತೂ ಎಷ್ಟೋ ಹಳೆಯ ತಟ್ಟೆಗಳ ಲಕೋಟೆಯ ಮೇಲೆ ಇರುವುದೇ ಇಲ್ಲ. ಟೇಲರ್ ಸ್ವಿಫ್ಟ್ 2023ರಲ್ಲಿ ತನ್ನ ಪ್ರವಾಸದ ಲಾರಿ ಚಾಲಕರಿಗೆ ತಲಾ ಒಂದು ಲಕ್ಷ ಡಾಲರ್ ಕೊಟ್ಟಳೆಂಬ ಸುದ್ದಿ ಜಗತ್ತೆಲ್ಲ ಓಡಾಡಿತು. ಸುದ್ದಿಯಾದದ್ದು ಹಣದ ಮೊತ್ತ. ಲಾರಿ ಓಡಿಸಿದವರೂ ಆ ಹಾಡಿನಲ್ಲಿ ಪಾಲುದಾರರು ಎಂದು ಒಬ್ಬ ತಾರೆ ಎಲ್ಲರೆದುರು ಒಪ್ಪಿಕೊಂಡದ್ದು ನನಗೆ ಮೊತ್ತಕ್ಕಿಂತ ದೊಡ್ಡದೆನಿಸಿತು.

ಇನ್ನೊಂದು ಹೆಸರು ಹೇಳಲೇಬೇಕು, ಅದು ನಮ್ಮನ್ನು ದೇಹೂ ರೋಡಿನ ಡಾಂಬರಿಗೇ ಕರೆತರುತ್ತದೆ. ಭೀಮಸೇನರು ಸಂತವಾಣಿ ಹಾಡಲು ಕೂತಾಗ ಬದಿಯಲ್ಲಿ ಕಂಚಿನ ತಾಳ ಹಿಡಿದು ಕೂರುತ್ತಿದ್ದವರು ಮಾವುಲಿ ಟಾಕಳಕರ್. ವಾರಿ ಎಂಬ ಪಂಢರಪುರದ ಕಾಲ್ನಡಿಗೆ ಯಾತ್ರೆ ಮಾಡುವ ವಾರಕರಿ ಪರಂಪರೆಯವರು. ರಾಮ ಫಾಟಕ್, ಶ್ರೀನಿವಾಸ ಖಳೆ ಮೊದಲಾದವರು ಸ್ವರ ಹಾಕಿದ ಅಭಂಗಗಳು ದೊಡ್ಡ ನಗರಗಳ ಸಭಾಂಗಣ ಸೇರಿದಾಗ, ವಾರಿಯ ದೂಳು, ನಡಿಗೆ, ನೆರೆದವರ ಏರುದನಿಯನ್ನು ಆ ವೇದಿಕೆಗೆ ತಂದದ್ದು ಆ ತಾಳ. ಟಿಕೆಟ್ಟು ಕೊಂಡು ಬಂದ ಶ್ರೋತೃಗಳು ಸೋಫಾದಲ್ಲಿ ಕೂತೇ ಲಯಕ್ಕೆ ತೂಗುತ್ತಿದ್ದರು.

ಆ ತಾಳ ಹುಟ್ಟಿದ ನಡಿಗೆ ಪ್ರತಿ ವರ್ಷ ಈ ರಸ್ತೆಗೆ ಬರುತ್ತದೆ. ತುಕಾರಾಮರ ಪಾಲಖಿಯನ್ನು 1685ರಲ್ಲಿ ಅವರ ಮಗ ನಾರಾಯಣ ಮಹಾರಾಜರು ಶುರುಮಾಡಿದರು. ದೇಹೂ ಬಿಟ್ಟ ಪಲ್ಲಕ್ಕಿ ಅನಗಡಶಾಹ ಬಾಬಾ ದರ್ಗಾದ ಬಳಿ ನಿಂತು ಆರತಿ ಮುಗಿಸಿ, ಚಿಂಚೋಳಿ ದಾಟಿ ದೇಹೂ ರೋಡಿಗೆ ಬಂದು, ನಿಗಡಿಯ ಮೇಲೆ ಹಾಯ್ದು ಆಕುರ್ಡಿಯಲ್ಲಿ ಬೀಡು ಬಿಡುತ್ತದೆ. ಮರುದಿನ ಪುಣೆ. ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರ. ಟ್ರಕ್ಕುಗಳು ಓಡುವ ಹೆದ್ದಾರಿ ಆ ದಿನ ತನ್ನನ್ನು ಹಾಡುವವರ ಪಾಲಿಗೆ ಬಿಟ್ಟುಕೊಡುತ್ತದೆ. ಜ್ಞಾನದೇವರು ವಿಠ್ಠಲನನ್ನೇ ಕನ್ನಡಿಗನೆಂದು ಕರೆದದ್ದು ನೆನಪಾಗದೆ ಇರದು. ಆಳಂದಿಯಿಂದ ಹೊರಡುವ ಅವರ ಪಲ್ಲಕ್ಕಿಯ ಮುಂದೆ ನಡೆಯುವ ಕುದುರೆಗಳು ಬರುವುದೂ ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ; ಅಲ್ಲಿಯ ಶಿತೋಳೆ ಮನೆತನ ಅವನ್ನು ಕಳಿಸುತ್ತದೆ, ಅವು ಆಳಂದಿಯವರೆಗೂ ನಡೆದೇ ಹೋಗುತ್ತವೆ.

ವಾರಿಯನ್ನು ಚಿತ್ರಿಸಿದವರು ಬಹಳ. ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಹೆನ್ನಿಂಗ್ ಸ್ಟೆಗ್‌ಮ್ಯುಲರ್ ಜೊತೆ ಮಾಡಿದ ಚಿತ್ರವಿದೆ. ಇರಾವತಿ ಕರ್ವೆ ತಾವೇ ನಡೆದು ಬರೆದ ಪ್ರಬಂಧ ಯಾವ ಚಿತ್ರಕ್ಕೂ ಕಡಿಮೆಯಿಲ್ಲ. ಈಗ ಡ್ರೋನುಗಳು ಮೇಲಿನಿಂದ ಕೇಸರಿ ಪತಾಕೆಗಳ ಹೊಳೆಯನ್ನು ತೋರಿಸುತ್ತವೆ. ಕೆಳಗೆ ನಿಂತು ನೋಡಿದರೆ ಬೇರೆಯದೇ ಕಾಣುತ್ತದೆ. ದಿಂಡಿ ಎಂದು ಕರೆಯುವ ಪ್ರತಿ ತಂಡಕ್ಕೂ ರಥದ ಮುಂದೆ ಇಂತಿಷ್ಟನೆಯದು, ಹಿಂದೆ ಇಂತಿಷ್ಟನೆಯದು ಎಂಬ ಕ್ರಮಸಂಖ್ಯೆ. ವೀಣೆ ಹೊತ್ತವನು ಅದನ್ನು ನೆಲಕ್ಕಿಡುವಂತಿಲ್ಲ. ದಣಿದರೆ ಇನ್ನೊಬ್ಬನ ಕೊರಳಿಗೆ ಹಾಕಬೇಕು. ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸು. ದಂಡ ಎತ್ತಿ ಸಾವಿರಾರು ಜನರನ್ನು ಸುಮ್ಮನಾಗಿಸುವ ಚೋಪದಾರ. ಮುಂದಿನ ಬೀಡಿಗೆ ಮೊದಲೇ ಹೋಗಿ ತಂಬು ಹೊಡೆಯುವ, ನೀರಿನ ಟ್ಯಾಂಕರ್ ಹುಡುಕುವ, ಒಲೆ ಹೂಡುವ ಜನರ ಲಾರಿ. ಅಕ್ಕಿ ಚೀಲದ ಮೇಲೆ ಕೂತ ಹುಡುಗ ಕೂಡ ಹಾಡುತ್ತಿರುತ್ತಾನೆ. ಅಡುಗೆಯವನೂ ಹಾಡುತ್ತಾನೆ. ಇಲ್ಲಿ ಕ್ಯಾಮೆರಾ ಯಾರನ್ನು ಹಿಂಬಾಲಿಸಬೇಕು? ತಾರೆಯ ಜಾಗದಲ್ಲಿ ಪಲ್ಲಕ್ಕಿಯೊಳಗಿನ ಸಂತರ ಪಾದುಕೆಗಳಿವೆ. ಉಳಿದವರೆಲ್ಲ ಹಿಮ್ಮೇಳ, ಆ ಹಿಮ್ಮೇಳವೇ ಇಡೀ ಸಂಗೀತ. ಸಂತವಾಣಿಯ ಹಾಡುಗಾರ ಎಷ್ಟೇ ದೊಡ್ಡವನಾಗಲಿ, ಅಭಂಗ ಹಾಡುವಾಗ ತಾಳದವನ ಕಡೆಗೆ ಯಾಕೆ ತಿರುಗಿ ನೋಡುತ್ತಾನೆ ಎಂಬುದು ನನಗೆ ಅರ್ಥವಾದದ್ದು ಈ ನಡಿಗೆ ನೋಡಿದ ಮೇಲೆ.

ಹಾಗಾಗಿ ಕನ್ನಡದ ಯುವ ನಿರ್ದೇಶಕರಲ್ಲಿ ನನ್ನ ಬೇಡಿಕೆ ಇದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದುವ ನಮ್ಮ ಮಕ್ಕಳು, ಬೆಂಗಳೂರಿನಲ್ಲಿ ಜಾಹೀರಾತು ಚಿತ್ರಿಸಿ ಬೇಸತ್ತವರು, ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೋ ಮಾಡುವವರು ಯಾರಾದರೂ ಆಗಲಿ. ಈಗ ರೀಲಿನ ಖರ್ಚಿಲ್ಲ. ಕೈಯಲ್ಲಿರುವ ಕ್ಯಾಮೆರಾ ಪೆನ್ನಿಬೇಕರನದಕ್ಕಿಂತ ಹಗುರ. ಧಾರವಾಡದ ವೆಂಕಟೇಶ ಕುಮಾರರಂಥ ದೊಡ್ಡ ಗಾಯಕರು ಇಂದಿಗೂ ಇದೇ ಹೆದ್ದಾರಿಯಲ್ಲಿ ಪುಣೆಗೆ, ಮುಂಬೈಗೆ ಓಡಾಡುತ್ತಾರೆ. ಅವರ ಅನುಮತಿ ಪಡೆದು ಒಂದು ಹಂಗಾಮು ಜೊತೆಗಿರಿ. ದೀಪಾವಳಿ ಮುಗಿದು ಕಛೇರಿಗಳ ಸುಗ್ಗಿ ಶುರುವಾಗುವಾಗ ಹೊರಟು, ಡಿಸೆಂಬರ್‌ನಲ್ಲಿ ಸವಾಯಿ ಗಂಧರ್ವ ಮಹೋತ್ಸವದ ಗ್ರೀನ್ ರೂಮ್ ದಾಟಿ, ಆಷಾಢದ ಅಭಂಗ ಕಛೇರಿಗಳವರೆಗೆ. ಗಾಯಕ ಹಾಡುವುದನ್ನು ಸಭಾಂಗಣದ ಹತ್ತು ಫೋನುಗಳು ಹಿಡಿಯುತ್ತವೆ, ಅದರ ಚಿಂತೆ ಬೇಡ. ನೀವು ತಬಲಾದ ಚೀಲ ಹೊರುವವನ ಜೊತೆ ನಡೆಯಿರಿ. ಗುರುವಿನ ತಂಬೂರಿ ಹಿಡಿದು ಮೂವತ್ತು ವರ್ಷ ತಿರುಗಿದ ಹಿರಿಯರು ಧಾರವಾಡ, ಗದಗ, ಮಿರಜ್, ಪುಣೆಗಳಲ್ಲಿ ಇನ್ನೂ ಇದ್ದಾರೆ; ಅವರ ಮನೆಗೆ ಹೋಗಿ ಕೂರಿ, ಆತುರ ಮಾಡಬೇಡಿ. ಅವರ ಮಾತನ್ನು ಕತ್ತರಿಸದೆ ಇಡೀ ದಾಖಲಿಸಿ, ಒಂದು ಪ್ರತಿಯನ್ನು ಪುಣೆಯ ಫಿಲ್ಮ್ ಆರ್ಕೈವ್‌ಗೋ ನಮ್ಮ ವಿಶ್ವವಿದ್ಯಾಲಯಗಳಿಗೋ ಕೊಡಿ. ಚಿತ್ರದ ಶೀರ್ಷಿಕೆಯ ಪಟ್ಟಿಯಲ್ಲಿ ತಂಬೂರಿಯವರ ಹೆಸರು ಮೊದಲು ಬರಲಿ, ಗಾಯಕರ ಹೆಸರು ಆಮೇಲೆ. ದೊಡ್ಡ ಗಾಯಕರಾರೂ ಇದಕ್ಕೆ ಬೇಸರಿಸಲಾರರು.

ಕ್ಯಾಮೆರಾ ತೆರೆದ ಕೂಡಲೇ ರಾಗ, ಘರಾಣೆ, ಪ್ರಶಸ್ತಿ ಎಂದು ಶುರುಮಾಡುವುದು ಬೇಡ. ನಿನ್ನೆ ರಾತ್ರಿ ಕಛೇರಿ ಮುಗಿದ ಮೇಲೆ ಊಟ ಎಷ್ಟು ಹೊತ್ತಿಗಾಯಿತು, ಎಲ್ಲಿ ಮಲಗಿದಿರಿ, ಮನೆಗೆ ಫೋನ್ ಮಾಡಿದಿರಾ ಎಂದು ಕೇಳಿ. ಅವರು ಹೇಳುತ್ತಾ ಹೋಗಲಿ.